ಪೂವತ್ತೆ ಕಲಿಸಿದ ಮರ್ಮದಾಟ

ಮಗಳ ಮಗಳು ರಜೆಗೆ ಬಂದಳೆಂದರೆ ನಮ್ಮ ಮನೆಯ ಟಿ.ವಿ. ನನ್ನ ಕೈ ತಪ್ಪಿತೆಂದೇ ಅರ್ಥ. ಅದಕ್ಕೆ ತನ್ನದೊಂದು ಕರಿ ಪೆಟ್ಟಿಗೆಯ ವೈರು ಸಿಕ್ಕಿಸಿ, ಎರಡು ಕೈಯಲ್ಲೂ ಗುಂಡಿ ಒತ್ತುತ್ತ, ಕತ್ತಿ ಹಿಡಿದ ಒಬ್ಬ ಬಡಪಾಯಿಯನ್ನು ರಾಕ್ಷಸರ ರಾಜ್ಯದಲ್ಲೆಲ್ಲ ಓಡಾಡಿಸುತ್ತಾಳೆ. ಹೋದ ಬೇಸಿಗೆಯಲ್ಲಿ ಒಂದು ದಿನ ಆ ಬಡಪಾಯಿ ಗಳಿಗೆಗೊಮ್ಮೆ ಸಾಯುತ್ತಿದ್ದ. ಎದುರಿಗಿದ್ದದ್ದು ಬೆನ್ನ ಮೇಲೆ ಬಂಡೆ ಹೊತ್ತಂಥ ಒಂದು ಪ್ರಾಣಿ. ಎಷ್ಟು ಬಡಿದರೂ ಕತ್ತಿ ಟಣ್ಣೆಂದು ಹಿಂದಕ್ಕೆ ಹಾರುತ್ತಿತ್ತು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಎರಡು ಸಲ ನೋಡಿದೆ. ಮೂರನೆಯ ಸಲಕ್ಕೆ ತಡೆಯಲಾಗಲಿಲ್ಲ.

"ಬೆನ್ನಿಗೆ ಯಾಕೆ ಬಡೀತಿ? ಅದು ಕೂಗುವಾಗ ಮುಂದಿನ ಕಾಲು ಎತ್ತುತ್ತೆ ನೋಡು. ಆಗ ಹೊಟ್ಟೆ ಕಾಣುತ್ತೆ. ಅಲ್ಲಿಗೆ ಬೆಂಕಿ ಹಾಕು."

ಹಾಕಿದಳು. ಪ್ರಾಣಿ ಧೊಪ್ಪೆಂದು ಬಿತ್ತು.

"ಅಜ್ಜೀ! ಇದನ್ನ ಕಂಡುಹಿಡಿಯೋಕೆ ನಂಗೆ ಇನ್ನೂ ಎರಡು ದಿನ ಬೇಕಿತ್ತು. ನಿಂಗೆ ಹೇಗೆ ಗೊತ್ತಾಯ್ತು?"

"ನೋಡಿದರೆ ಗೊತ್ತಾಗುತ್ತೆ" ಎಂದೆ. ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಡೀ ಶಾಸ್ತ್ರವನ್ನು ವಿವರಿಸಿದಳು. ಒಬ್ಬೊಬ್ಬ ರಾಕ್ಷಸನಿಗೂ ಒಂದೊಂದು ವೀಕ್‌ನೆಸ್ಸಂತೆ. ಮಂಜಿನವನಿಗೆ ಬೆಂಕಿ, ಕೆಸರಿನವನಿಗೆ ಸಿಡಿಲು, ಕಬ್ಬಿಣ ತೊಟ್ಟವನಿಗೆ ಕತ್ತಿ ನಾಟುವುದಿಲ್ಲ, ಸುತ್ತಿಗೆಯೇ ಆಗಬೇಕು. ಪ್ರತಿಯೊಬ್ಬನೂ ಹೊಡೆಯುವ ಮೊದಲು ಏನಾದರೊಂದು ಗುರುತು ಕೊಡುತ್ತಾನಂತೆ. ಅದನ್ನು ಕಾದು ನೋಡಿ ಪಕ್ಕಕ್ಕೆ ಉರುಳಿಕೊಳ್ಳಬೇಕು. ತಪ್ಪು ಜಾಗಕ್ಕೆ ಹೊಡೆದರೆ ಸಿಟ್ಟೇರಿ ಎರಡರಷ್ಟು ಬಲದಲ್ಲಿ ತಿರುಗಿಬೀಳುತ್ತಾನಂತೆ. ಸತ್ತರೆ ಏನಾಗುತ್ತೆ ಎಂದು ಕೇಳಿದೆ. "ಏನೂ ಆಗಲ್ಲಜ್ಜಿ, ಪುನಃ ಮೊದಲಿಂದ" ಎಂದಳು. ಆ ಮಾತು ಕೇಳಿದ್ದೇ ಲೋಟ ತೊಳೆಯುವ ನೆಪ ಮಾಡಿ ಒಳಗೆ ಎದ್ದುಹೋದೆ.

ಈ ಆಟವನ್ನು ನಾನು ಒಂಬತ್ತು ವರ್ಷದವಳಿದ್ದಾಗಲೇ ಆಡಿ ಮುಗಿಸಿದವಳು. ಟಿ.ವಿ. ಇರಲಿ, ಕರೆಂಟಿನ ಮುಖವನ್ನೂ ಕಾಣದ ಮನೆಯಲ್ಲಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೈಸೂರಿನಿಂದ ಹೊಸ ಪುಸ್ತಕ ಬರುತ್ತದೆ ಎನ್ನುತ್ತ ಎನ್ನುತ್ತ ನಮ್ಮ ಮೇಷ್ಟ್ರು ಹಳೆಯದನ್ನೇ ಇನ್ನೊಂದು ವರ್ಷ ಓದಿಸಿದ ಕಾಲ. ಗಾಳಿಬೀಡಿನ ಏರಿನ ಮೇಲೆ ನಮ್ಮದು ಹಂಚಿನ ಮನೆ. ಮುಂದೆ ಕಾಫಿ ಒಣಗಿಸುವ ಕಣ, ಹಿಂದೆ ಹಂದಿಗೂಡು. ಒಳಗೆ ಜಗಲಿ, ನಡುಮನೆ, ಅಡುಗೆಮನೆ, ಮತ್ತೆ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಒಳಕೋಣೆ. ಒಳಕೋಣೆ ಗುರುಕಾರಣರದ್ದು, ಅಂದರೆ ನಮ್ಮ ಮನೆತನದ ಸತ್ತ ಹಿರಿಯರದ್ದು. ಅಲ್ಲಿ ದೀಪ ಹಚ್ಚುವುದನ್ನು ಬಿಟ್ಟರೆ ಯಾರೂ ಸುಮ್ಮಸುಮ್ಮನೆ ಕಾಲಿಡುತ್ತಿರಲಿಲ್ಲ. ನಾವು ಮನೆಯಲ್ಲಿ ಆಡುತ್ತಿದ್ದದ್ದು ಅರೆಭಾಷೆ. ಓದುವವರಿಗೆ ತೊಡಕಾಗದಿರಲಿ ಎಂದು ಇಲ್ಲಿ ಅದನ್ನು ತುಸು ಹದ ಮಾಡಿ ಬರೆದಿದ್ದೇನೆ.

ಅಪ್ಪ ಮಿಲಿಟರಿಯಿಂದ ಪೆನ್ಷನ್ ಪಡೆದು ಬಂದವನು. ಎದುರಿಗೆ ಜೀವಮಾನವಿಡೀ 'ನೀವು' ಎಂದೇ ಕರೆದಿದ್ದೇನೆ. ಬರೆಯುವಾಗಲೂ ಆ ಮರ್ಯಾದೆ ಕೊಡು ಎಂದರೆ ನನ್ನ ಕೈ ಒಪ್ಪುವುದಿಲ್ಲ. ಊರಿಗೆಲ್ಲ ಬಹಳ ಶಿಸ್ತಿನ ಮನುಷ್ಯ. ಮನೆಯಲ್ಲಿ ಆ ಶಿಸ್ತೆಂದರೆ ಸೊಂಟದ ಅಗಲ ಬೆಲ್ಟು. ರೊಟ್ಟಿ ಸೀದರೆ ಬೆಲ್ಟು, ಬಿಸಿನೀರು ಆರಿದರೆ ಬೆಲ್ಟು, ಹಂದಿ ಗೂಡಿನಿಂದ ತಪ್ಪಿಸಿಕೊಂಡರೂ ನಮಗೇ ಬೆಲ್ಟು. ಅವ್ವ ಪೆಟ್ಟು ತಿಂದರೆ ಅಳುತ್ತಿರಲಿಲ್ಲ. ಒಲೆಯ ಮುಂದೆ ಕೂತು ಊದುಗೊಳವೆಯಲ್ಲಿ ಊದುತ್ತಲೇ ಇರುತ್ತಿದ್ದಳು, ಬೆಂಕಿ ಧಗಧಗ ಉರಿಯುತ್ತಿದ್ದರೂ. ಅದನ್ನು ನೋಡುವಾಗ ನನಗೆ ಅಪ್ಪನಿಗಿಂತ ಅವ್ವನ ಮೇಲೇ ಹೆಚ್ಚು ಸಿಟ್ಟು ಬರುತ್ತಿತ್ತು. ಯಾಕೆ ಎಂದು ಈಗಲೂ ನನಗೆ ಬಗೆಹರಿದಿಲ್ಲ.

ಅಂಥ ಮನೆಗೆ ಪೂವತ್ತೆ ಬಂದಳು. ಅಪ್ಪನ ತಂಗಿ ಪೂವಮ್ಮ, ನನಗೆ ಅತ್ತೆ. ಘಟ್ಟದ ಕೆಳಗೆ ಸುಳ್ಯದ ಕಡೆಗೆ ಕೊಟ್ಟಿದ್ದರು. ಒಂದು ಮಧ್ಯಾಹ್ನ ಒಬ್ಬಳೇ ಬಸ್ಸಿಳಿದು, ಕೈಯಲ್ಲಿ ಗಂಟೂ ಇಲ್ಲದೆ, ಕಣದ ಅಂಚಿನಲ್ಲಿ ಬಂದು ನಿಂತಳು. ಗಂಡ ಒನಕೆಯಿಂದ ಹೊಡೆದು ಮುರಿದ ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಅಪ್ಪ ಅದನ್ನು ನೋಡಿದ, ಒಳಗೆ ಹೋಗು ಎಂಬಂತೆ ಗದ್ದ ಅಲ್ಲಾಡಿಸಿದ. ಹಾಗೆ ಬಂದವಳು ಒಂದೂವರೆ ವರ್ಷ ನಮ್ಮ ಜೊತೆಗಿದ್ದಳು. ನನ್ನ ಬಾಲ್ಯ ಎಂದು ಏನಾದರೂ ಇದ್ದರೆ ಅದು ಆ ಒಂದೂವರೆ ವರ್ಷ. ಸೊಟ್ಟ ಕೈಯಲ್ಲೇ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ರೊಟ್ಟಿ ಉರುಟಾಗದೆ ಒಂದು ಕಡೆಗೆ ಎಳೆದುಕೊಂಡಿರುತ್ತಿತ್ತು. "ಇದ್ ಯಾವ ದೇಶದ ನಕ್ಷೆ, ಹೇಳು" ಎಂದು ನನ್ನ ತಟ್ಟೆಗೆ ಹಾಕುತ್ತಿದ್ದಳು. ಅವ್ವನಿಗೂ ಅವಳಿಗೂ ಅಡುಗೆಮನೆಯಲ್ಲಿ ದಿನಕ್ಕೊಂದು ಜಗಳ ಇದ್ದೇ ಇತ್ತು: ಒಣಮೀನಿನ ಚಟ್ನಿಗೆ ಹುಳಿ ಹೆಚ್ಚಾಯಿತು, ಕಾಫಿಗೆ ಬೆಲ್ಲ ಕಡಿಮೆಯಾಯಿತು ಎಂದು. ಆದರೆ ಅಪ್ಪ ಬೆಲ್ಟಿಗೆ ಕೈ ಹಾಕಿದ ಕೂಡಲೇ ನಡುವೆ ಬಂದು ನಿಲ್ಲುತ್ತಿದ್ದವಳು ಅತ್ತೆಯೇ. ಅವ್ವನ ಪಾಲಿನದರಲ್ಲಿ ಅರ್ಧ, ನನ್ನ ಪಾಲಿನದರಲ್ಲಿ ಅರ್ಧ ಅವಳ ಬೆನ್ನಿಗೆ ಬೀಳುತ್ತಿತ್ತು.

ಮರ್ಮದಾಟ ಕಟ್ಟಿದವಳು ಅವಳು. ಸಂಜೆ ಕಾಫಿ ಹಣ್ಣನ್ನು ರಾಶಿ ಮಾಡಿ ಮುಚ್ಚಿದ ಮೇಲೆ ಕಣ ಖಾಲಿಯಾಗುತ್ತಿತ್ತು. ಅಲ್ಲಿ ಇದ್ದಿಲಿನಿಂದ ದಾರಿ, ಹೊಳೆ, ಗುಹೆ ಎಲ್ಲ ಬರೆಯುತ್ತಿದ್ದಳು. ನಾನು ಬೇಟೆಗಾರ್ತಿ. ನನ್ನ ಚೀಲದಲ್ಲಿ ಉಪ್ಪೆಂದು ಒಂದು ಹಿಡಿ ಮರಳು, ಬೆಂಕಿಯೆಂದು ಕೆಂಪು ದಾಸವಾಳ, ಒಂದು ಮುರುಕು ಕುಡುಗೋಲು, ಒಂದು ಒಡಕು ಕನ್ನಡಿ. ಜೀವವೆಂದು ಮೂರು ಕಾಫಿ ಹಣ್ಣು. ರಾಕ್ಷಸರೆಲ್ಲ ಅತ್ತೆಯೇ. ಜೌಗಪ್ಪ ಎಂಬವನು ಗದ್ದೆಯ ಕೆಸರಿನಿಂದ ತೆವಳಿಕೊಂಡು ಬರುತ್ತಿದ್ದ, ರಕ್ತ ಹೀರುವ ಇಂಬಳದ ಜಾತಿ, ಅವನಿಗೆ ಉಪ್ಪು ಎರಚಬೇಕು. ಹೊಗೆಮುತ್ತಿ ಎಂಬವಳು ಅಟ್ಟದಲ್ಲಿ ಕೂತಿರುತ್ತಿದ್ದಳು, ಅವಳಿಗೆ ಯಾವ ಆಯುಧವೂ ತಾಗುವುದಿಲ್ಲ. ಬಾಗಿಲು ತೆರೆದು ಗಾಳಿ ಬಿಟ್ಟರೆ ತಾನೇ ಹರಿದುಹೋಗುತ್ತಾಳೆ. ಕಲ್ಲುಬೆನ್ನ ಎಂಬವನು ನಗುವಾಗ ಮಾತ್ರ ಹೊಟ್ಟೆ ತೋರಿಸುತ್ತಾನೆ, ಅವನನ್ನು ಮೊದಲು ನಗಿಸಬೇಕು. ಒಬ್ಬೊಬ್ಬನಿಗೂ ಒಂದೇ ಮರ್ಮ. ತಪ್ಪಿ ಬೇರೆ ಕಡೆ ಹೊಡೆದೆನೋ, ಅತ್ತೆ ಗರ್ಜಿಸಿ ಹಾರಿ ಬಂದು ನನ್ನ ಒಂದು ಕಾಫಿ ಹಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೊದಲ ವಾರವೆಲ್ಲ ನಾನು ಸೋತು ಸೋತು ಅಳುತ್ತಿದ್ದೆ.

"ಅಂವ ಎಲ್ಲಿ ಜೋರು ಉಟ್ಟೋ ಅಲ್ಲಿ ನೋಡಬೇಡ ಗೂಡೆ" ಎಂದಳು ಒಂದು ದಿನ. ಗೂಡೆ ಅಂದರೆ ಹುಡುಗಿ, ಉಟ್ಟು ಅಂದರೆ ಇದೆ. "ಯಾವುದರ ಮುಚ್ಚಿಕಂಡು ನಡೀತಾನೆ, ಅದರ ನೋಡು. ಅದೇ ಮರ್ಮ."

ಆ ಮಾತು ನನ್ನೊಳಗೆ ಇಳಿದದ್ದು ಆಟಕ್ಕಾಗಿ ಮಾತ್ರ ಅಲ್ಲ. ಮರುದಿನದಿಂದ ನಾನು ಮನೆಯವರನ್ನು ನೋಡಲು ಸುರುಮಾಡಿದೆ. ಅವ್ವನ ತವರಿನ ಮಾತೆತ್ತಿ, "ನಿನ್ನ ಅಣ್ಣ ಈ ಸಲ ಹಬ್ಬಕ್ಕೂ ಕರೆಯಲಿಲ್ಲವಲ್ಲ" ಎಂದರೆ ಸಾಕು, ಅವಳ ಮುಖ ಬಾಡಿ, ನಾನು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದಳು. ಹಾಗೆ ಎರಡು ಡಜನ್ ಬಳೆ ಗಿಟ್ಟಿಸಿಕೊಂಡೆ. ಮೇಷ್ಟ್ರಿಗೆ ತಮ್ಮ ಬೊಕ್ಕತಲೆಯ ಚಿಂತೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರೆಂದು ಮೆಲ್ಲಗೆ ಕಿವಿಗೆ ಹಾಕಿದರೆ ಮಗ್ಗಿ ಕೇಳುವುದನ್ನೇ ಮರೆಯುತ್ತಿದ್ದರು. ಅಬ್ಬಾ, ಎಂಥ ಸುಖ ಅದು! ಗಿಡ್ಡಗೆ, ಕರ್ರಗೆ, ಯಾರ ಕಣ್ಣಿಗೂ ಬೀಳದೆ ಇದ್ದ ನಾನು ದೊಡ್ಡವರನ್ನು ಬೀಳಿಸಬಲ್ಲೆ ಎಂದು ಗೊತ್ತಾದ ಸುಖ. ಅಪ್ಪನನ್ನಂತೂ ಬಾಯಿಪಾಠ ಮಾಡಿಬಿಟ್ಟೆ. ಒಳಗೆ ಬರುವಾಗ ಬೂಟನ್ನು ಜಗಲಿಯಲ್ಲಿ ಜೋಡಿಸಿಟ್ಟರೆ ಭಯವಿಲ್ಲ. ಒಂದನ್ನು ಕಾಲಿನಿಂದಲೇ ಒದರಿದರೆ ಕಷ್ಟ. ಕೈ ಎತ್ತುವ ಮೊದಲು ಎಡ ಭುಜ ಒಂದಿಷ್ಟು ಮೇಲೆ ಹೋಗುತ್ತದೆ. ಅದಾದ ಮೇಲೆ ಒಂದು, ಎರಡು ಎಣಿಸುವಷ್ಟು ಹೊತ್ತು ಇರುತ್ತದೆ, ಅಷ್ಟರಲ್ಲಿ ಪಕ್ಕಕ್ಕೆ ಹಾರಬೇಕು. ಹಾರಿದರೆ ಪೆಟ್ಟು ತಪ್ಪುತ್ತಿತ್ತು ನಿಜ, ಆದರೆ ಅದು ಹೋಗಿ ಅತ್ತೆಗೋ ಅವ್ವನಿಗೋ ತಾಗುತ್ತಿತ್ತು. ಇದನ್ನು ಆಗ ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅಪ್ಪನ ಮರ್ಮ ಮಾತ್ರ ತುಂಬ ದಿನ ಸಿಗಲಿಲ್ಲ. ಸಿಕ್ಕಿದ್ದು ಹೀಗೆ. ಒಂದು ದಿನ ಬೆಲ್ಟು ಬಿಚ್ಚಿಕೊಂಡು ಅಟ್ಟಿಸಿಕೊಂಡು ಬಂದಾಗ ದಿಕ್ಕು ತೋಚದೆ ನಾನು ಒಳಕೋಣೆಗೆ ನುಗ್ಗಿದೆ. ಅಪ್ಪ ಹೊಸ್ತಿಲಿನಲ್ಲಿ ತಟಕ್ಕನೆ ನಿಂತ. ಬೆಲ್ಟು ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ, ಕದ್ದ ಹುಡುಗನ ಹಾಗೆ! ಆಮೇಲೆ ಬಾಗಿಲಿಗೆ ಮುಖ ಕೊಟ್ಟು ಹಿಂದೆ ಹಿಂದೆ ನಡೆದು ಹೋದ. ಯಾರ ಭಯ? ಎರಡು ವರ್ಷದ ಹಿಂದೆ ತೀರಿಕೊಂಡ ಅಜ್ಜಿಯದ್ದು, ಅಂದರೆ ಅಪ್ಪನ ಅವ್ವನದ್ದು. ಬದುಕಿದ್ದಾಗಲೂ ಆ ಮನೆಯಲ್ಲಿ ಅಪ್ಪ ತಲೆ ತಗ್ಗಿಸುತ್ತಿದ್ದದ್ದು ಆ ಮುದುಕಿಯ ಮುಂದೆ ಮಾತ್ರ. ಸತ್ತ ಮೇಲೂ ಅವಳ ಮಣೆಯ ಮೇಲೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಅವಳ ಹೆಸರು ಬಂದರೆ ದನಿ ಇಳಿಯುತ್ತಿತ್ತು. ಇಷ್ಟು ದಿನ ಇದು ನನ್ನ ಕಣ್ಣ ಮುಂದೆಯೇ ಇತ್ತು.

ಅದೇ ಹೊತ್ತಿಗೆ ಅತ್ತೆಯ ಗಂಡನ ಮನೆಯಿಂದ ಹೇಳಿಕಳಿಸಿದರು: ಹೆಣ್ಣನ್ನು ಕಳಿಸಿ, ಇಲ್ಲವಾದರೆ ನಮ್ಮ ಹುಡುಗನಿಗೆ ಬೇರೆ ಮದುವೆ ಮಾಡುತ್ತೇವೆ, ಆಮೇಲೆ ನಿಮ್ಮ ಹುಡುಗಿಗೆ ನಮ್ಮ ಮನೆಯ ಹೆಸರಿಲ್ಲ ಎಂದು. ಅಪ್ಪ ರಾತ್ರಿ ಊಟಕ್ಕೆ ಕೂತವನು ಅವ್ವನಿಗೆ ಹೇಳಿದ್ದು ಇಷ್ಟೇ.

"ಹುತ್ತರಿ ಕಳೀಲಿ. ಕಾರಣರಿಗೆ ಬಡ್ಸಿಯಾಗ್ಲಿ. ಮತ್ತೆ ನೋಡುವ."

ಆಮೇಲೆ ಅವನು ದನಿ ತಗ್ಗಿಸಿ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಕಳಿಸುತ್ತಾನೆಂದೇ ನಾನು ತೀರ್ಮಾನ ಮಾಡಿಕೊಂಡೆ. ಅತ್ತೆಗೂ ಅದೇ ಭಯ. ಮರುದಿನ ಕಣದಲ್ಲಿ ಜೌಗಪ್ಪನಾಗಿ ತೆವಳುತ್ತಿದ್ದವಳು ಅರ್ಧದಲ್ಲೇ ನಿಂತು, ಹಾಗೇ ನೆಲದ ಮೇಲೆ ಕೂತುಬಿಟ್ಟಳು.

"ನಾ ಅಲ್ಲಿಗೆ ಹೋದರೆ ಉಳಿಯುದಿಲ್ಲೆ ಗೂಡೆ. ಈ ಸಲ ಕೈಯಲ್ಲಿ ನಿಲ್ಲುದಿಲ್ಲೆ ಅಂವ."

ಅವಳ ಮೂಗು ಸೋರುತ್ತಿತ್ತು. ಒರೆಸಿಕೊಳ್ಳಲಿಲ್ಲ. ದೊಡ್ಡವರು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ಹೋಗಬೇಡ, ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಹೊಸ ಬೆಳೆಯ ಹಬ್ಬ ಹುತ್ತರಿ ಕಳೆದ ಮೇಲಿನ ವಾರ ಗುರುಕಾರಣರಿಗೆ ಬಡಿಸುವುದು ನಮ್ಮಲ್ಲಿ ಪ್ರತಿವರ್ಷ ನಡೆಯುತ್ತಿತ್ತು. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಮಾಡಬೇಕು: ಹಂದಿಮಾಂಸ, ಕೋಳಿಸಾರು, ಕಡುಬು, ಸಾರಾಯಿ. ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ. ಅಜ್ಜಿಯ ಎಲೆಗೆ ಹಂದಿಯ ಈಲಿ, ಅಂದರೆ ಲಿವರಿನ ಒಂದು ತುಂಡು, ಪಕ್ಕದಲ್ಲಿ ಅವಳದೇ ಗಾಜಿನ ಲೋಟದ ತುಂಬ ಸಾರಾಯಿ. ಬಡಿಸಿದ ಮೇಲೆ ದೀಪವಿಟ್ಟು, ಬಾಗಿಲೆಳೆದು, ಮನೆಯವರೆಲ್ಲ ಹೊರಗೆ ಕಣಕ್ಕೆ ಬಂದು ಮನೆಗೆ ಬೆನ್ನು ಹಾಕಿ ನಿಲ್ಲಬೇಕು. ಕಾರಣರು ಬಂದು ಉಣ್ಣುವ ಹೊತ್ತು ಅದು. ಯಾರೂ ತಿರುಗಿ ನೋಡಬಾರದು, ಮಾತಾಡಬಾರದು. ಒಂದು ಎಲೆಯಡಿಕೆ ಜಗಿದು ಮುಗಿಯುವಷ್ಟು ಹೊತ್ತಾದ ಮೇಲೆ ಹಿರಿಯರು ಮೂರು ಸಲ ಕೆಮ್ಮಿ ಬಾಗಿಲು ತೆರೆಯುತ್ತಾರೆ. ಆ ವರ್ಷ ಹಿರಿತನಕ್ಕೆ ಬಂದಿದ್ದವನು ದೊಡ್ಡಪ್ಪ, ಅಪ್ಪನ ಅಣ್ಣ, ಎದುರು ಬೆಟ್ಟದ ಮನೆಯವನು. ಬಾಗಿಲು ಎಳೆಯುವ ಮೊದಲು ಅಪ್ಪ ಕೈಮುಗಿದು, "ಎಂತಾರೂ ತಪ್ಪಿದ್ದರೆ ತೋರಿಸಿಕೊಡಿ" ಎಂದ. ಅದು ಎಲ್ಲರೂ ಪ್ರತಿವರ್ಷ ಹೇಳುವ ಮಾತು.

ನಾನು ಕಾದಿದ್ದೇ ಅದಕ್ಕೆ. ಎಲ್ಲರೂ ಬೆನ್ನು ಹಾಕಿ ನಿಂತ ಮೇಲೆ ಒಂದು ಬೆರಳು ಎತ್ತಿ ಅವ್ವನಿಗೆ ತೋರಿಸಿ, ಹಂದಿಗೂಡಿನ ಕಡೆಯಿಂದ ಸುತ್ತಿಬಂದು ಅಡುಗೆಮನೆಗೆ ಹೊಕ್ಕೆ. ಅಡುಗೆಮನೆಯಿಂದ ಒಳಕೋಣೆಗೆ ಬಗ್ಗಿ ಹೋಗುವಂಥ ಒಂದು ಗಿಡ್ಡ ಬಾಗಿಲು ಇತ್ತು. ದೀಪದ ಬೆಳಕಿನಲ್ಲಿ ಎಲೆಗಳ ಸಾಲು ನೋಡುವಾಗ ನಿಜಕ್ಕೂ ಯಾರೋ ಕೂತಿದ್ದಾರೆ ಅನಿಸಿತು. ಆದರೂ ಕೈ ಚಾಚಿ ಅಜ್ಜಿಯ ಲೋಟವನ್ನು ಉರುಳಿಸಿದೆ. ಸಾರಾಯಿ ಎಲೆಯ ಮೇಲೆ ಹರಿದು, ನೆಲಕ್ಕಿಳಿದು, ನನ್ನ ಲಂಗದ ಅಂಚನ್ನು ತೋಯಿಸಿತು. ನನ್ನ ಎಣಿಕೆ ಇಷ್ಟೇ: ಅಜ್ಜಿಗೆ ಸಿಟ್ಟು ಬಂದಿದೆ ಎಂದು ಅಪ್ಪ ಹೆದರುತ್ತಾನೆ; ಮಗಳನ್ನು ಆ ಕಟುಕನ ಮನೆಗೆ ಕಳಿಸುತ್ತಿದ್ದಾರೆಂದೇ ಅಜ್ಜಿಗೆ ಸಿಟ್ಟು ಎಂದು ಅವನಿಗೆ ತಾನೇ ತಿಳಿಯುತ್ತದೆ; ಅತ್ತೆ ಉಳಿಯುತ್ತಾಳೆ. ಮರ್ಮಕ್ಕೆ ಹೊಡೆದರೆ ರಾಕ್ಷಸ ಬೀಳುತ್ತಾನೆ. ಯಾಕೆ ಹೊಡೆದದ್ದು ಎಂದು ಅವನಿಗೆ ಹೇಳಬೇಕೆಂಬುದು ಆಟದಲ್ಲಿ ಎಲ್ಲೂ ಇರಲಿಲ್ಲ.

ಬಂದ ದಾರಿಯಲ್ಲೇ ಹೋಗಿ ಅತ್ತೆಯ ಪಕ್ಕದಲ್ಲಿ ನಿಂತುಕೊಂಡೆ. ದೊಡ್ಡಪ್ಪ ಕೆಮ್ಮಿದ. ಬಾಗಿಲು ತೆರೆದ. ಆಮೇಲೆ ಯಾರೂ ಒಳಗೆ ಹೋಗಲಿಲ್ಲ. ಅಪ್ಪ ಹೊಸ್ತಿಲಿನಲ್ಲಿ ಬಗ್ಗಿ ನೋಡಿದ, ಗೋಡೆ ಹಿಡಿದುಕೊಂಡ, ಹಾಗೇ ಜಾರಿ ಕೂತ. "ಅವ್ವಾ, ಅವ್ವಾ" ಎಂದು ಚಿಕ್ಕ ಮಗುವಿನ ಹಾಗೆ ಎರಡು ಸಲ ಅಂದ. ನನಗೆ ಹೇಗಾಯಿತು ಗೊತ್ತೇ? ಕುಣಿಯಬೇಕು ಅನಿಸಿತು. ಎಷ್ಟು ವರ್ಷದ ಬೆಲ್ಟಿಗೆ ಒಂದು ಲೋಟ ಸಾರಾಯಿ! ಅಂಥ ಸಂತೋಷ ನನಗೆ ಆಮೇಲೆ ಯಾವತ್ತೂ, ಮದುವೆಯಲ್ಲೂ, ಮಗು ಹುಟ್ಟಿದಾಗಲೂ ಆಗಿಲ್ಲ ಎಂದರೆ ನೀವು ನನ್ನನ್ನು ಎಂಥವಳು ಅನ್ನುತ್ತೀರೋ ಅನ್ನಿ.

ಆಗ ದೊಡ್ಡಪ್ಪ ಮಾತಾಡಿದ.

"ಅವ್ವಂಗೆ ಕೋಪ ಬಂದುಟ್ಟು. ಬಾರದೆ ಇರ್ತದಾ? ಆ ಸಂಬಂಧ ಹುಡುಕಿ ಮಾಡಿದ್ದ್ ಯಾರ್? ಅವ್ವನೇ ಅಲ್ಲನ? ಅವ್ವ ಕೊಟ್ಟ ಹೆಣ್ಣು ಅದರ ಮುರ್ಕಂಡು ಬಂದು ಇಲ್ಲಿ ಕೂತುಟ್ಟು. ಅವಳ ಕೈಯಲ್ಲಿ ಮಾಡಿದ ಅಡಿಗೆಯ ಅವ್ವ ಮುಟ್ಟುವಾ?"

ಆ ಸಂಬಂಧ ಮಾಡಿದ್ದು ಅಜ್ಜಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಪ್ಪ ಅಣ್ಣನಿಗೆ ಎದುರಾಡಲಿಲ್ಲ. ತಲೆ ಎತ್ತದೆ, "ಬುಧವಾರದ ಬಸ್ಸಿಗೆ ಕಳ್ಸುವ" ಎಂದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತೆ ಮಾತ್ರ ಉರುಳಿದ ಲೋಟವನ್ನೂ ನೋಡಲಿಲ್ಲ, ಅಣ್ಣಂದಿರನ್ನೂ ನೋಡಲಿಲ್ಲ, ನನ್ನನ್ನೇ ನೋಡಿದಳು. ನಾನು ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಪ್ಪ ಸಾವರಿಸಿಕೊಂಡು ಎದ್ದ, ಸೊಂಟದ ಮೇಲಿನ ಬೆಲ್ಟನ್ನು ಎಳೆದು ಸರಿಮಾಡಿಕೊಂಡ. ಅವನು ಅದನ್ನು ಬಿಚ್ಚಲೂ ಇಲ್ಲ. ಸುಮ್ಮನೆ ಸರಿಮಾಡಿಕೊಂಡ. ನನ್ನ ಬಾಯಿ ಮುಚ್ಚಿಹೋಯಿತು.

ಬುಧವಾರಕ್ಕೆ ಮೂರು ದಿನ ಇತ್ತು. ಅತ್ತೆ ಅಳಲಿಲ್ಲ, ಯಾರನ್ನೂ ಬೇಡಿಕೊಳ್ಳಲಿಲ್ಲ. ನನ್ನ ಬಟ್ಟೆಯನ್ನೆಲ್ಲ ತಾನೇ ಒಗೆದಳು. ಮಂಗಳವಾರ ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ನಂಗೆ ಎಂತಾರೂ ಹೇಳಿಕೆ ಉಟ್ಟಾ ಗೂಡೆ?" ಎಂದು ಕೇಳಿದಳು. ಇಲ್ಲೆ ಎಂದೆ. ಬುಧವಾರ ಬೆಳಿಗ್ಗೆ ರಸ್ತೆಯವರೆಗೆ ಅವಳ ಗಂಟನ್ನು ನಾನೇ ಹೊತ್ತೆ. ಅಪ್ಪ ಮುಂದೆ ನಡೆಯುತ್ತಿದ್ದ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ಇನ್ನೊಂದು ಸಲ ಅದನ್ನೇ ಕೇಳಿದಳು. ನಾನು ಅವಳ ಕಾಲಿನ ಚಪ್ಪಲಿ ನೋಡುತ್ತ ಇಲ್ಲೆ ಎಂದೆ. ಕಂಡಕ್ಟರು ಬಾಗಿಲೆಳೆದ.

ಒಂದು ತಿಂಗಳಾದ ಮೇಲೆ ಅವ್ವ ಅಕ್ಕಿ ಆರಿಸುತ್ತ, ಯಾರಿಗೂ ಅಲ್ಲ ಎಂಬಂತೆ, ಹೇಳಿದಳು: "ಕಳ್ಸುದು ಬೇಡ ತ ಹೇಳಿದ್ದೊ ಅವು. ಹೆಸರು ಹೋದರೆ ಹೋಗ್ಲಿ, ಇಲ್ಲೇ ಇರ್ಲಿ ತ ಹೇಳಿದ್ದೊ. ಆ ಲೋಟ ಒಂದು ಬೀಳದೆ ಇದ್ದಿದ್ದರೆ." ತಂಗಿಯನ್ನು ಕಳಿಸುವುದು ಬೇಡ ಎಂದು ಅಪ್ಪ ಆವತ್ತು ಊಟಕ್ಕೆ ಕೂತು ದನಿ ತಗ್ಗಿಸಿ ಹೇಳಿದ ಮಾತು ಅದು. ಆ ಮನುಷ್ಯ ಜೀವಮಾನದಲ್ಲಿ ಮಾಡಲು ಹೊರಟಿದ್ದ ಒಂದೇ ಒಂದು ಒಳ್ಳೆಯ ಕೆಲಸವನ್ನು ನಾನು ಕೈಯಾರೆ ಕೆಡಿಸಿದ್ದೆ. ಥೂ, ಹಾಗೆ ಬರೆದರೂ ಅವನಿಗೆ ಕ್ಷಮೆ ಕೊಟ್ಟ ಹಾಗಾಗುತ್ತದೆ. ಒಂದು ಲೋಟ ಉರುಳಿದ್ದಕ್ಕೆ ಒಡಹುಟ್ಟಿದವಳನ್ನು ಕೊಲೆಗಡುಕನ ಮನೆಗೆ ಬಸ್ಸು ಹತ್ತಿಸಿದವನು ಅವನೇ ಹೊರತು ನಾನಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ವಾದ ಮಾಡಿದೆ. ವಾದದಲ್ಲಿ ಗೆದ್ದೂ ಇದ್ದೇನೆ. ಗೆದ್ದು ಏನೂ ಪ್ರಯೋಜನ ಆಗಿಲ್ಲ.

ಇದರಿಂದ ನಾನು ಬುದ್ಧಿ ಕಲಿತು ಮೆತ್ತಗಾದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ನಾನು ಆ ವಿದ್ಯೆಯನ್ನು ಬಿಡಲಿಲ್ಲ, ಇನ್ನೂ ಮಸೆದೆ. ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ಕೂತ ಮೇಲೆ ಯಾವ ಟೀಚರು ನನ್ನ ಕೋಣೆಗೆ ಬಂದರೂ ಐದು ನಿಮಿಷದಲ್ಲಿ ಅವರು ಏನನ್ನು ಮುಚ್ಚಿಕೊಂಡು ನಡೆಯುತ್ತಿದ್ದಾರೆಂದು ಕಂಡುಹಿಡಿಯುತ್ತಿದ್ದೆ. ಒಬ್ಬಳಿಗೆ ಕುಡುಕ ಗಂಡ, ಇನ್ನೊಬ್ಬನಿಗೆ ನೆಟ್ಟಗೆ ಬಾರದ ಇಂಗ್ಲಿಷು. ನನ್ನೆದುರು ಯಾರೂ ರಜೆ ಕೇಳುತ್ತಿರಲಿಲ್ಲ. ನನ್ನ ಗಂಡ ಪಾಪದವರು, ಇಂಟರ್ಮೀಡಿಯಟ್ ಎರಡು ಸಲ ಫೇಲಾದವರು. ಜಗಳದಲ್ಲಿ ಸೋಲುತ್ತೇನೆ ಅನಿಸಿದ ಕೂಡಲೇ, "ನೀವು ಎಷ್ಟನೇ ಸಲಕ್ಕೆ ಪಾಸಾದದ್ದು?" ಎಂದು ಕೇಳಿಬಿಡುತ್ತಿದ್ದೆ. ಅವರು ಎದ್ದು ತೋಟಕ್ಕೆ ಹೋಗುತ್ತಿದ್ದರು. ತೀರಿಕೊಳ್ಳುವವರೆಗೂ ಹಾಗೆ ಎದ್ದು ಹೋಗುತ್ತಲೇ ಇದ್ದರು. ಅವರು ಬಾಗಿಲು ದಾಟುವಾಗೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಮುಂದಿನ ಜಗಳದಲ್ಲಿ ಮತ್ತೆ ಅದನ್ನೇ ಕೇಳುತ್ತಿದ್ದೆ.

ಅಪ್ಪ ಸತ್ತಾಗ ನನಗೆ ಇಬ್ಬರು ಮಕ್ಕಳಾಗಿದ್ದರು. ಹನ್ನೊಂದನೆಯ ದಿನದ ಕೆಲಸಕ್ಕೆ ಪೂವತ್ತೆ ಘಟ್ಟ ಹತ್ತಿ ಬಂದಳು. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ಅವಳನ್ನು ಆ ಮನೆಯವರು ಈ ಕಡೆಗೆ ಕಳಿಸಿರಲಿಲ್ಲ. ಮುಂದಿನ ಹಲ್ಲು ನಾಲ್ಕು ಇರಲಿಲ್ಲ. ಗಂಡ ಹೊಡೆದು ಎಡಗಿವಿ ಪೂರ್ತಿ ಹೋಗಿತ್ತು. ಅವನು ಹಾಸಿಗೆ ಹಿಡಿದು ಸತ್ತು ಆರು ತಿಂಗಳಾಗಿತ್ತಂತೆ. ಅವನ ಹೇಲು ಉಚ್ಚೆ ಬಳಿದದ್ದೂ ಅವಳೇ ಅಂತೆ. ಊಟವಾದ ಮೇಲೆ ಅವಳು ಹಿಂದಿನ ಜಗಲಿಯಲ್ಲಿ ಒಬ್ಬಳೇ ಕೂತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ. ಇಪ್ಪತ್ತು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದನ್ನು, ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ ಹೇಳಿದೆ: ಅಜ್ಜಿಯ ಲೋಟ ಉರುಳಿಸಿದ್ದು ನಾನು ಎಂದು. ಕಣ್ಣು ತೆರೆದರೆ ಅವಳು ಹಂದಿಗೂಡಿನ ಕಡೆ ನೋಡುತ್ತ ಎಲೆಯಡಿಕೆ ಜಗಿಯುತ್ತಿದ್ದಳು. ನಾನು ಕೂತದ್ದು ಕೇಳದ ಕಿವಿಯ ಕಡೆ. ಎದ್ದು ಸುತ್ತಿಬಂದು, ಬಲಗಡೆ ಕೂತು, ಇನ್ನೊಂದು ಸಲ ಹೇಳಬೇಕಾಯಿತು, ಗಟ್ಟಿಯಾಗಿ.

"ಗೊತ್ತುಟ್ಟು" ಎಂದಳು. "ನಿನ್ನ ಲಂಗ ಸಾರಾಯಿ ನಾರ್ತಿತ್ತ್. ಒಗ್ದದ್ದ್ ನಾನೇ ಅಲ್ಲನ?"

"ಗೊತ್ತಿದ್ದೂ ನೀವು ಯಾಕೆ ಹೇಳಲಿಲ್ಲ ಅತ್ತೆ?"

"ನಾ ಹೇಳಿದರೆ ಯಾರ್ ನಂಬ್ತಾರೆ? ಉಳಿಯುದಕ್ಕೆ ಮಗು ಮೇಲೆ ಹಾಕ್ತಾಳೆ ತ ಹೇಳ್ತಿದ್ದೊ. ನೀನೇ ಹೇಳ್‌ಬೇಕಿತ್ತ್."

ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಬಾಯಿ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀ ಹೇಳಿದ್ದರೆ ಎರಡು ಪೆಟ್ಟು ಬೀಳ್ತಿತ್ತ್ ಗೂಡೆ. ಎರಡೇ ಪೆಟ್ಟು. ನಾ ನಡುವೆ ಬಂದು ಅದರಲ್ಲೂ ಒಂದರ ತಿಂತಿದ್ದೆ. ಬಸ್ಸು ಕೆಳಗಿನ ತಿರುವು ದಾಟುವವರೆಗೆ, ನೀ ಓಡಿಕಂಡು ಬರ್ತಿಯ ತ ಹಿಂದೆ ನೋಡಿಕಂಡೇ ಕೂತಿದ್ದೆ."

ಅಷ್ಟು ಹೇಳಿ, ಕೂತಲ್ಲೇ ತಿರುಗಿ, ಎಡಗಿವಿಯನ್ನು ನನ್ನ ಕಡೆಗೆ ಮಾಡಿ ಕೂತಳು.